ಸೆರಗಿನ ಗಂಟಿನಲ್ಲಿದ್ದ ಲೆಕ್ಕ

(ಹೆಸರು, ಗುರುತು ಬದಲಿಸಿದೆ.)

"ರಾತ್ರಿ ನಿದ್ದಿನ ಬರೂದಿಲ್ರೀ ಅಕ್ಕಾರ, ಎದಿ ಡವಡವ ಅಂತೈತಿ. ಗುಳಿಗಿ ಬರದು ಕೊಡ್ರಿ."

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಶಾಂತವ್ವ ಕೊಪ್ಪಳದ ಕಡೆಯವಳು, ವಯಸ್ಸು 32. ಉಡುಪಿಗೆ ಬಂದು ನಾಲ್ಕು ವರ್ಷ. ಗಂಡ ಗಾರೆ ಕೆಲಸದವನು, ಇವಳು ಕೆಂಪುಕಲ್ಲು ಹೊರುತ್ತಾಳೆ. ಕರಾವಳಿಯ ನಾವು 'ಘಟ್ಟದವರು' ಎಂದು ಒಂದೇ ಮಾತಿನಲ್ಲಿ ಮುಗಿಸುವ ಜನ. ನಮ್ಮ ಮನೆಗಳ ಗೋಡೆ ಎದ್ದಿರುವುದೇ ಇವರ ಕೈಯಿಂದ.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದಳು. ರಕ್ತ ಪರೀಕ್ಷೆಗೆ ಆರೋಗ್ಯ ಕೇಂದ್ರಕ್ಕೆ ಚೀಟಿ ಕೊಟ್ಟೆ. ಆಮೇಲೆ ಅವಳು ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಚಿದ ನೋಟ್‌ಬುಕ್ ಹಾಳೆ ತೆಗೆದಳು. ಮಗಳ ಗುಂಡು ಅಕ್ಷರದಲ್ಲಿ ಜೂನ್ ತಿಂಗಳ ಲೆಕ್ಕ: ಕೆಲಸ 9 ದಿನ. ಶೆಡ್ ಬಾಡಿಗೆ 2,500. ಅಂಗಡಿ ಬಾಕಿ 3,800. ಊರಿಗೆ 5,000.

ಊರಿಗೆ ಕಳಿಸಿದ್ದು ಮೇಸ್ತ್ರಿ ಕೊಟ್ಟ ಮುಂಗಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆಗೆ ಕಟ್ಟಡದ ಕೆಲಸ ಕುಂಟುತ್ತದೆಂದು ಅತ್ತೆಗೆ ಹೇಳಿಯೇ ಇರಲಿಲ್ಲ. "ದುಡಿಯಾಕ ಹೋದವ್ರು ರೊಕ್ಕಿಲ್ಲ ಅಂದ್ರ ನಾಕ್ ಮಂದಿ ಏನಂತಾರ?" ಸಾಲಕ್ಕಿಂತ ಈ ಮುಚ್ಚುಮರೆಯೇ ಅವಳ ನಿದ್ದೆ ತಿನ್ನುತ್ತಿದೆ ಎಂದು ನನಗನ್ನಿಸಿತು.

ಮುಂದಿನ ವಾರ ಗಂಡನನ್ನೂ ಕರೆಸಿದೆ. ನಾನು ಹೇಳಿದ್ದು: ಮಳೆಗಾಲದಲ್ಲಿ ಕೈಲಾದಷ್ಟೇ ಕಳಿಸಿ, ಅದನ್ನು ಊರಿಗೆ ಇವತ್ತೇ ತಿಳಿಸಿ. ಹೊಸ ಮುಂಗಡ ಬೇಡ; ಹಳೆಯದು ಎಷ್ಟು ತೀರಿತೆಂದು ಪ್ರತಿ ವಾರ ಬರೆದಿಡಿ. ಪಡಿತರ ಚೀಟಿ ಟ್ರಂಕಿನಲ್ಲಿತ್ತು, ಊರಿಗೆ ಹೋದಾಗಷ್ಟೇ ಅಕ್ಕಿ ತರುತ್ತಿದ್ದರು. ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಪಡೆಯಬಹುದು ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು.

ನನ್ನ ಕೋಣೆಯಿಂದಲೇ ಫೋನ್ ಮಾಡಿಸಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲಿ ಮಳಿ ಇಲ್ಲಂತ ಹೋದ್ರಿ, ಅಲ್ಲಿ ಮಳಿ ಹೆಚ್ಚಾತಂತ ಕುಂತೀರಿ. ಮೊದ್ಲ ಹೇಳಬಾರದಿತ್ತೇನವ್ವ?" ಶಾಂತವ್ವ ಅತ್ತಳು. ನಾನು ತಡೆಯಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಆ ಲೆಕ್ಕ ಬರೆದ ಹುಡುಗಿ. ಹನ್ನೊಂದು ವರ್ಷ. ಅವಳ ಪುಟ್ಟ ತಮ್ಮ ನಡೆಯಲು ಕಲಿತು, ಕೆಲಸದ ಜಾಗದಲ್ಲಿ ಹಿಡಿದಿಡಲಾಗದೆ ಹೋದಾಗ ಅವನನ್ನು ನೋಡಿಕೊಳ್ಳಲು ಇವಳನ್ನು ಅಜ್ಜಿ ಮನೆಯಿಂದ ಕರೆಸಿದ್ದರು. ಟಿಸಿ ಇಲ್ಲವೆಂದು ಇಲ್ಲಿನ ಶಾಲೆಯೊಂದು ವಾಪಸ್ ಕಳಿಸಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಯನ್ನೇ ಕೊಡಬೇಕು. ನಾನೇ ಜೊತೆಗೆ ಹೋದೆ. ಈಗ ಅವಳು ಆರನೇ ತರಗತಿ, ತಮ್ಮ ಅಂಗನವಾಡಿ.

ಕಲ್ಯಾಣ ಮಂಡಳಿಯ ಸೌಲಭ್ಯಗಳಿಗೆ ಬೇಕಾದ ಕಟ್ಟಡ ಕಾರ್ಮಿಕರ ಕಾರ್ಡ್ ಇನ್ನೂ ಆಗಿಲ್ಲ. ವರ್ಷದಲ್ಲಿ 90 ದಿನ ದುಡಿದ ದೃಢೀಕರಣಕ್ಕೆ ಮೇಸ್ತ್ರಿ ಸಹಿ ಹಾಕುತ್ತಿಲ್ಲ. ಕಾರ್ಮಿಕ ಸಂಘದ ಮೂಲಕ ಪ್ರಯತ್ನಿಸಲು ಹೇಳಿದ್ದೇನೆ. ನಿದ್ದೆ ಮೊದಲಿಗಿಂತ ವಾಸಿ. ಮೇಸ್ತ್ರಿಯ ಫೋನ್ ಬಂದ ರಾತ್ರಿ ಮಾತ್ರ ಈಗಲೂ ಬರುವುದಿಲ್ಲವಂತೆ.