ಹಳೆಯ ಮರ ಕೊಳ್ಳುವಿರಾ? ದಬ್ಬಳ ಹಿಡಿದು ಹೋಗಿ

ಬಿಚ್ಚಿದ ಹಳೆಯ ಮನೆಯ ಮರ ಕೊಳ್ಳಬಹುದೇ? ತಿಂಗಳಿಗೆ ಹತ್ತಾರು ಪತ್ರಗಳಲ್ಲಿ ಇದೇ ಪ್ರಶ್ನೆ ಬರುತ್ತದೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸಿ ಬೇಸತ್ತಿದ್ದೇನೆ. ಈ ಸಲ ಅದಕ್ಕೇ ಹೆಚ್ಚು ಜಾಗ.

ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮಲೆನಾಡಿನ ತೊಟ್ಟಿ ಮನೆಯೊಂದರ ಸಾಗುವಾನಿ ತೊಲೆ, ಬಾಗಿಲುಗಳು ಹೊಸ ಮರದ ಅರ್ಧ ಬೆಲೆಗೆ ಸಿಗುತ್ತಿವೆ. ಹಣ ಉಳಿಯುತ್ತದಲ್ಲವೇ?

ಉಳಿಯುವುದಿಲ್ಲ. ಲೆಕ್ಕ ನೋಡಿ. ಆರು ಇಂಚು ಚೌಕದ, ಹತ್ತು ಅಡಿ ಉದ್ದದ ತೊಲೆ ಎಂದರೆ 2.5 ಘನ ಅಡಿ. ವ್ಯಾಪಾರಿ ಅಷ್ಟಕ್ಕೂ ಹಣ ಎಣಿಸಿಕೊಳ್ಳುತ್ತಾನೆ. ಗೋಡೆಯೊಳಗಿದ್ದ ಎರಡೂ ತುದಿಗಳು ತೇವಕ್ಕೆ ಕೊಳೆತು ಲಡ್ಡು ಹಿಡಿದಿರುತ್ತವೆ. ಒಂದೊಂದು ಕಡೆ ಮುಕ್ಕಾಲು ಅಡಿ ಕತ್ತರಿಸಿದರೆ ಉಳಿಯುವುದು ಎಂಟೂವರೆ ಅಡಿ. ಬಿರುಕು, ಮೊಳೆಯ ಕಲೆ ಹೋಗುವಂತೆ ನಾಲ್ಕೂ ಮುಖಗಳನ್ನು ಅರ್ಧರ್ಧ ಇಂಚು ಕೊಯ್ದು ಹತ್ತರಿ ಹೊಡೆದರೆ ಐದು ಇಂಚು ಚೌಕ. ಕೈಗೆ ಬಂದದ್ದು ಸುಮಾರು 1.48 ಘನ ಅಡಿ. ನಿಮ್ಮ ಅರ್ಧ ಬೆಲೆ ಇಲ್ಲಿಗೇ ಹೊಸ ಮರದ ಬೆಲೆಯ ಶೇ. 85 ಆಯಿತು! ಲಾರಿ ಬಾಡಿಗೆ, ಹಮಾಲಿ, ಮೊಳೆ ಕೀಳುವ ಕೂಲಿ ಇನ್ನೂ ಸೇರಿಲ್ಲ. ಒಳಗೆ ಮುರಿದು ಕುಳಿತ ಒಂದು ಮೊಳೆ ಗರಗಸದ ಹಲ್ಲನ್ನು ಕಿತ್ತುಹಾಕುತ್ತದೆ. ಹಳೆಯ ಮರ ಎಂದರೆ ಎಷ್ಟೋ ಸಾಮಿಲ್‌ಗಳು ಮುಟ್ಟುವುದೇ ಇಲ್ಲ.

ಹಾಗಾದರೆ ಏಕೆ ಕೊಳ್ಳಬೇಕು? ಮರಕ್ಕಾಗಿ. ಒಳ್ಳೆಯ ಹಳೆಯ ತೊಲೆ ಎಂದರೆ ಬಲಿತ ಮರದ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು. ಇಂದು ನೆಡುತೋಪಿನಲ್ಲಿ ಎಳೆಯದಾಗಿ ಕಡಿದ ಸಾಗುವಾನಿಯಲ್ಲಿ ಹೊರಗಿನ ಬಿಳಿ ಭಾಗ ಹೆಚ್ಚು; ಗೆದ್ದಲು, ಕುಟ್ಟೆ ಹುಳು ಮೊದಲು ಬಾಯಿ ಹಾಕುವುದು ಅಲ್ಲಿಗೇ. ಕಪ್ಪಗೆ ಹೊಗೆ ಹಿಡಿದ ತೊಲೆಯನ್ನು ಕೊಯ್ದಾಗ ಒಳಗಿನಿಂದ ಜೇನುಬಣ್ಣ ಕಾಣಿಸಿ, ಎಣ್ಣೆ ಬೆರೆತ ಘಮ ಏಳುತ್ತದೆ. ಆ ಕ್ಷಣಕ್ಕೆ ನಾನು ಈಗಲೂ ಕೆಲಸ ನಿಲ್ಲಿಸಿ ನಿಲ್ಲುತ್ತೇನೆ. ಅದು ಬೇಕೆನಿಸಿದರೆ ಕೊಳ್ಳಿ.

ಹೋಗುವಾಗ ಗೋಣಿಚೀಲ ಹೊಲಿಯುವ ದಬ್ಬಳ ಕೈಯಲ್ಲಿರಲಿ. ಕಳೆದ ವರ್ಷ ಅಂಗಡಿಯೊಂದರಲ್ಲಿ, ಮಿರಮಿರನೆ ಮಿಂಚುತ್ತಿದ್ದ ಕಂಬದ ಬುಡಕ್ಕೆ ದಬ್ಬಳ ಒತ್ತಿದೆ. ನಾಲ್ಕು ಬೆರಳಿನಷ್ಟು ಒಳಗಿಳಿಯಿತು. ಮರದ ಹೊಟ್ಟಿಗೆ ಗೋಂದು ಕಲಸಿ ತುಂಬಿ, ಮೇಲೆ ಪಾಲಿಷ್ ಬಳಿದಿದ್ದರು. ನನ್ನನ್ನು ಕರೆದೊಯ್ದಿದ್ದ ದಂಪತಿ ಅಷ್ಟರಲ್ಲಿ ಮುಂಗಡ ಕೊಟ್ಟಾಗಿತ್ತು. ಪಾಲಿಷ್ ಮಾಡಿಟ್ಟ ಹಳೆಯ ಮರವನ್ನು ಕೊಳ್ಳಲೇಬೇಡಿ.

ಸಣ್ಣ ತೂತುಗಳಿದ್ದರೆ ಬ್ರಷ್‌ನಿಂದ ಪುಡಿ ಕೊಡವಿ, ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ಹೊಸ ಪುಡಿ ಉದುರಿದರೆ ಹುಳು ಬದುಕಿದೆ. ಸುಟ್ಟ ಎಂಜಿನ್ ಆಯಿಲ್ ಬಳಿದರೆ ಸಾಕು ಎನ್ನುವವನ ಮಾತು ಕೇಳಬೇಡಿ. ಆಯಿಲ್ ಮೇಲ್ಮೈಯಲ್ಲಿ ನಿಲ್ಲುತ್ತದೆ, ಹುಳು ಒಳಗೆ ತಿನ್ನುತ್ತಲೇ ಇರುತ್ತದೆ, ಮುಂದೆ ಆ ಮರಕ್ಕೆ ಪಾಲಿಷ್ ಕೂಡ ಹಿಡಿಯುವುದಿಲ್ಲ.

ನಕ್ಷೆಗಿಂತ ಮೊದಲು ಮರ ಕೊಳ್ಳಿ. ಹಳೆಯ ಬಾಗಿಲುಗಳು ಗಿಡ್ಡ. ಗೋಡೆ ಎದ್ದ ಮೇಲೆ ತಂದರೆ ಒಡೆಯುವುದೇ ಕೆಲಸ. ಚೌಕಟ್ಟಿನ ಸಮೇತ ತೆಗೆದುಕೊಳ್ಳಿ. ಮೈಸೂರಿಗೆ ತಂದ ಮೇಲೆ ನೆರಳಿನಲ್ಲಿ, ನಡುನಡುವೆ ರೀಪು (ತೆಳು ಮರದ ಪಟ್ಟಿ) ಕೊಟ್ಟು ಜೋಡಿಸಿ ತಿಂಗಳಾದರೂ ಬಿಡಿ. ಮಲೆನಾಡಿನ ತೇವ ಇಳಿಯುವಾಗ ಮರ ತುಸು ಕುಗ್ಗುತ್ತದೆ. ಲಾರಿಗೆ ಹೇರುವ ಮುನ್ನ ಸಾಗಣೆ ಪರವಾನಗಿಯ ಬಗ್ಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಬಿಚ್ಚಿದ ಮನೆಯ ಮರ ಬಳಸಿದರೆ ವಾಸ್ತು ದೋಷವೇ?

ಮರಕ್ಕಿರುವ ದೋಷ ಲಡ್ಡು ಮತ್ತು ಹುಳು. ಬೇರೆ ದೋಷ ಹೇಳಿ ಪರಿಹಾರಕ್ಕೆ ಹಣ ಕೇಳುವವರು ನಿಮ್ಮನ್ನು ಸುಲಿಯುತ್ತಿದ್ದಾರೆ.

ಕೆಡವಿದ ಕಟ್ಟಡದ ಕಂಬಿಯನ್ನು ನೆಟ್ಟಗೆ ಮಾಡಿ ಪಿಲ್ಲರ್‌ಗೆ ಹಾಕಬಹುದೇ?

ಬೇಡ. ಒಮ್ಮೆ ಬಗ್ಗಿ ತುಕ್ಕು ತಿಂದ ಕಂಬಿಯನ್ನು ನಂಬಿ ಅದರ ಕೆಳಗೆ ಮಲಗಬೇಡಿ.

ಬಾಸೆಲ್ ಮಿಷನ್ ಮುದ್ರೆಯ ಹೆಂಚಿಗೆ ಹೆಚ್ಚು ಬೆಲೆ ಹೇಳುತ್ತಿದ್ದಾರೆ. ಕೊಡಬಹುದೇ?

ಸ್ವಿಟ್ಜರ್ಲೆಂಡ್‌ನ ಈ ಕ್ರೈಸ್ತ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ನಿಜ. ಆದರೆ ಮಳೆ ತಡೆಯುವುದು ಮುದ್ರೆಯಲ್ಲ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಎನ್ನದ ಹೆಂಚನ್ನು ಪಕ್ಕಕ್ಕಿಡಿ. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳನ್ನು ಒಂದೇ ಮಾಡಿಗೆ ಬೆರೆಸಬೇಡಿ. ಅವು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಸೋರುತ್ತದೆ.

ಹಳೆಯ ಬಾಗಿಲಿನ ಹಸಿರು ಪೇಂಟ್ ನಾವೇ ಉಜ್ಜಿ ತೆಗೆಯುತ್ತಿದ್ದೇವೆ. ಯಾವ ಮರಳು ಕಾಗದ ಒಳ್ಳೆಯದು? ಮನೆಯಲ್ಲಿ ಎರಡು ವರ್ಷದ ಮಗುವಿದೆ, ಬೇಗ ಮುಗಿಸಬೇಕು.

ಈಗಲೇ ನಿಲ್ಲಿಸಿ. ಹಳೆಯ ಪೇಂಟ್‌ನಲ್ಲಿ ಸೀಸ ಇರಬಹುದು. ನಮ್ಮಲ್ಲಿ ಮನೆಬಳಕೆಯ ಪೇಂಟ್‌ಗೆ ದಶಲಕ್ಷಕ್ಕೆ 90 ಭಾಗದ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣ ಪೇಂಟ್ ಉಜ್ಜಿದಾಗ ಏಳುವ ದೂಳು ನೆಲದ ಮೇಲೆ ಕೂರುತ್ತದೆ, ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ, ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ. ಬೆಂಕಿಯಿಂದ ಸುಟ್ಟು ತೆಗೆಯುವುದೂ ಬೇಡ. ಬಾಗಿಲನ್ನು ಬೇರೆ ಕಡೆ ಸಾಗಿಸಿ, ಅಲ್ಲಿ ನೀರು ಹಾಕಿ ಒದ್ದೆಯಾಗಿ ಉಜ್ಜುವ, ಮಾಸ್ಕ್ ಹಾಕುವ ಕೆಲಸಗಾರನಿಗೆ ಒಪ್ಪಿಸಿ. ಮನೆಯ ನೆಲವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಮಗುವಿನ ರಕ್ತದಲ್ಲಿ ಸೀಸದ ಪ್ರಮಾಣ ಪರೀಕ್ಷಿಸಬೇಕೇ ಎಂದು ಮಕ್ಕಳ ವೈದ್ಯರನ್ನು ಈ ವಾರವೇ ಕೇಳಿ.