ಬೇಸ್ ಗಿಟಾರಿನಲ್ಲಿ 12ನೇ ಫ್ರೆಟ್ ಬಿಟ್ಟರೆ ಬೇರೆಡೆ ಹಾರ್ಮೋನಿಕ್ ಏಕೆ ಮೊಳಗುವುದಿಲ್ಲ?

12ನೇ ಫ್ರೆಟ್ಟಿನಲ್ಲಿ (ನೆಕ್ ಎಂಬ ಉದ್ದ ಹಿಡಿಯ ಮೇಲಿನ ಅಡ್ಡಕಂಬಿಯೇ ಫ್ರೆಟ್) ಹಾರ್ಮೋನಿಕ್, ಅಂದರೆ ತಂತಿಯನ್ನು ಒತ್ತದೆ ಬೆರಳನ್ನು ಬರೀ ಸೋಕಿಸಿ ಮೀಟಿದಾಗ ಬರುವ ನಾದ, ಸಲೀಸಾಗಿ ಬರುತ್ತದೆ, 5ರಲ್ಲಿ ಮಂಕಾಗುತ್ತದೆ, 4ರಲ್ಲಿ ‘ಟಪ್’ ಎಂದಷ್ಟೇ ಕೇಳುತ್ತದೆ, ಗಿಟಾರಿನಲ್ಲೇ ದೋಷವಿದೆಯೇ ಎಂದು ಕೇಳಿದ್ದೀರಿ. ಗಿಟಾರನ್ನು ಅನುಮಾನಿಸುವ ಮೊದಲು ಬೆರಳು ನಿಲ್ಲುವ ಜಾಗವನ್ನು ನೋಡಿ.

ಹಾರ್ಮೋನಿಕ್ಕಿಗೆ ಫ್ರೆಟ್ಟಿನ ಹಂಗಿಲ್ಲ. 1970ರ ದಶಕದಲ್ಲಿ ಬೇಸಿನ ಹಾರ್ಮೋನಿಕ್ಕುಗಳಿಗೆ ಹೆಸರಾದ ಅಮೆರಿಕದ ವಾದಕ ಜಾಕೊ ಪಾಸ್ಟೋರಿಯಸ್ ನುಡಿಸುತ್ತಿದ್ದುದು ಫ್ರೆಟ್ಟುಗಳೇ ಇಲ್ಲದ ಬೇಸನ್ನು. ತಂತಿಯ ಪೂರ್ತಿ ಉದ್ದವನ್ನು ಸಮಭಾಗ ಮಾಡುವ ಬಿಂದುವನ್ನು ಬೆರಳು ಮುಟ್ಟಬೇಕು, ಅಷ್ಟೆ. 12ನೇ ಫ್ರೆಟ್ ಅರ್ಧದಲ್ಲಿದೆ. ನಟ್ಟಿನಿಂದ (ಗಿಟಾರಿನ ತಲೆಯ ಬದಿಯಲ್ಲಿ ತಂತಿ ಕೂರುವ ಪಟ್ಟಿ) ಅಳೆದರೆ 7 ಮತ್ತು 5ನೇ ಫ್ರೆಟ್ಟಿನ ಕಂಬಿಗಳು ಮೂರರಲ್ಲೊಂದು, ನಾಲ್ಕರಲ್ಲೊಂದು ಭಾಗದಿಂದ ಒಂದು ಮಿಲಿಮೀಟರಿನಷ್ಟೂ ದೂರವಿಲ್ಲ. ಆದರೆ ತಂತಿ 34 ಇಂಚು ಉದ್ದವಿರುವ ಬೇಸಿನಲ್ಲಿ ಐದರಲ್ಲೊಂದು ಭಾಗ ಬರುವುದು 4ನೇ ಫ್ರೆಟ್ಟಿನ ಕಂಬಿಗಿಂತ ಸುಮಾರು 5 ಮಿ.ಮೀ. ನಟ್ ಕಡೆಗೆ, ಆರರಲ್ಲೊಂದು ಭಾಗವೋ 3ನೇ ಫ್ರೆಟ್ಟನ್ನು ದಾಟಿ ಸುಮಾರು 6.5 ಮಿ.ಮೀ. ಬ್ರಿಡ್ಜ್ (ಒಡಲಿನ ಮೇಲೆ ತಂತಿಯ ಇನ್ನೊಂದು ತುದಿ ಕೂರುವ ಆಸರೆ) ಕಡೆಗೆ. ಇದು ತಿಳಿಯದೆ ನಾನು ಎರಡು ಮಳೆಗಾಲ ಕಂಬಿಯ ನೆತ್ತಿಯ ಮೇಲೇ ಬೆರಳಿಟ್ಟು ಬೈದುಕೊಂಡಿದ್ದೇನೆ.

ತೀರಾ ತೆಳುವಾದ ಜಿ ತಂತಿಯನ್ನು ಬ್ರಿಡ್ಜಿನ ಹತ್ತಿರ ಮೀಟುತ್ತಾ, ಎಡಗೈ ಬೆರಳನ್ನು ಒತ್ತದೆ, ತಂತಿಗೆ ಸೋಕಿಸಿಕೊಂಡೇ 5ನೇ ಫ್ರೆಟ್ಟಿನಿಂದ ನಟ್ ಕಡೆಗೆ ಕೂದಲೆಳೆಯಷ್ಟೇ ಸರಿಸುತ್ತಾ ಹೋಗಿ; 4ನೇ ಕಂಬಿ ದಾಟಿದೊಡನೆ ಗಂಟೆಯಂತಹ ನಾದವೊಂದು ಚಿಮ್ಮುತ್ತದೆ. ಚಿಮ್ಮಿದ ಕ್ಷಣವೇ ಬೆರಳನ್ನು ಎತ್ತಿ, ಇಲ್ಲವಾದರೆ ನಾದವನ್ನು ನೀವೇ ಅದುಮಿದಂತಾಗುತ್ತದೆ. ತಂಬೂರಿಯ ಮಂದ್ರ ಷಡ್ಜದ ತಂತಿಯಿಂದ ತಾನಾಗಿ ಕೇಳಿಬರುವ ಅಂತರ ಗಾಂಧಾರವೂ ಇದೇ ಐದನೆಯ ಭಾಗದ ನಾದ. ಬೇಸಿನ ಜಿ ತಂತಿಯಲ್ಲಿ ಈ ನಾದ ಸುಮಾರು 490 ಹರ್ಟ್ಸ್, ಕೀಬೋರ್ಡಿನ ಬಿ ಸ್ವರವೋ 494. ಜೊತೆಗೆ ನುಡಿಸಿದಾಗ ತುಸು ಇಳಿದಂತೆ ಕೇಳಿದರೆ ಗಾಬರಿಯಾಗಬೇಡಿ.

ಜಾಗ ಸರಿಯಿದ್ದೂ ನಾದ ಬಾರದಿದ್ದರೆ ತಂತಿ ಸತ್ತಿದೆಯೆಂದು ತಿಳಿಯಿರಿ. ಮೇಲೆ ಸುತ್ತಿದ ಸುರುಳಿಯ ಸಂದುಗಳಲ್ಲಿ ಬೆವರು, ಕೊಳೆ ತುಂಬಿದ ತಂತಿಯಲ್ಲಿ ಮೊದಲು ಅಡಗುವುದು ಮೇಲಿನ ನಾದಗಳೇ, ಮತ್ತು ಮಡಿಕೇರಿಯ ಥಂಡಿಯಲ್ಲಿ, ಅದರಲ್ಲೂ ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದ ಹೊತ್ತಿಗೆ, ಗೋಡೆಗೆ ತೂಗುಹಾಕಿದ ಬೇಸಿಗೆ ತುಕ್ಕೂ ಸೇರಿಕೊಳ್ಳುತ್ತದೆ. ಮನೆಯವರ ಮಾತು ಕೇಳಿ ಒಮ್ಮೆ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ತಂತಿ ಉಳಿಯಿತು, ನೆಕ್ ಬಾಗಿತು. ಈಗ ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಡುತ್ತೇನೆ, ಮಳೆ ಹಿಡಿಯುವ ಮುನ್ನ ಹೊಸ ಜಿ ತಂತಿಯೊಂದನ್ನು ತಂದಿಟ್ಟುಕೊಳ್ಳುತ್ತೇನೆ.