ಹಿಂದುಳಿದ ಬಡಾವಣೆಗಳ ವಿನ್ಯಾಸದಲ್ಲಿ ಮಹಿಳಾ ವಾಸ್ತುಶಿಲ್ಪಿಗಳಿಂದ ಏನು ವ್ಯತ್ಯಾಸವಾಗಿದೆ?

ವ್ಯತ್ಯಾಸ ಮುಖ್ಯವಾಗಿ ಕಾಣುವುದು ಕಟ್ಟಡದ ಚೆಲುವಿನಲ್ಲಲ್ಲ, ನಕ್ಷೆ ಬರೆಯುವ ಮೊದಲು ಯಾರ ದಿನಚರಿಯನ್ನು ಗಮನಿಸಲಾಯಿತು ಎಂಬುದರಲ್ಲಿ. ಪಾಕಿಸ್ತಾನದ ಮೊದಲ ಮಹಿಳಾ ವಾಸ್ತುಶಿಲ್ಪಿ ಯಾಸ್ಮೀನ್ ಲಾರಿ ಅವರು 1970ರ ದಶಕದಲ್ಲಿ ಲಾಹೋರಿನ ಅಂಗೂರಿಬಾಗ್ ವಸತಿ ಯೋಜನೆಯನ್ನು ಬಡ ಕುಟುಂಬಗಳಿಗಾಗಿ ರೂಪಿಸುವಾಗ, ಹೆಂಗಸರು ಕೋಳಿ ಸಾಕಲು ಮತ್ತು ತರಕಾರಿ ಬೆಳೆಯಲು ಅನುವಾಗುವಂತೆ ತೆರೆದ ತಾರಸಿಗಳನ್ನು ಒದಗಿಸಿದರು. ಬಡವರ ಮನೆಯು ತಲೆಯ ಮೇಲಿನ ಸೂರು ಮಾತ್ರವಲ್ಲ, ದುಡಿಮೆಯ ತಾಣವೂ ಹೌದೆಂಬುದು ಹೊರಗಿನವರಿಗೆ ಸುಲಭವಾಗಿ ಹೊಳೆಯುವ ಸಂಗತಿಯಲ್ಲ. 2005ರಲ್ಲಿ ಪಾಕಿಸ್ತಾನದಲ್ಲಿ ಸಂಭವಿಸಿದ ಭೂಕಂಪದ ನಂತರ ಅವರು ಸುಣ್ಣ, ಮಣ್ಣು, ಬಿದಿರುಗಳಿಂದ ಸಂತ್ರಸ್ತರೇ ಕಟ್ಟಿಕೊಳ್ಳಬಹುದಾದ ಅಗ್ಗದ ಮನೆಗಳತ್ತ ಹೊರಳಿದರು; 2023ರಲ್ಲಿ ವಾಸ್ತುಶಿಲ್ಪಕ್ಕಾಗಿ ನೀಡುವ ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್ ಅವರಿಗೆ ಸಂದಿತು.

ಸಾರ್ವಜನಿಕ ಸ್ಥಳಗಳ ವಿಷಯದಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದ್ದು ಒಳ್ಳೆಯ ಉದಾಹರಣೆ. ಸುಮಾರು ಹತ್ತು ವರ್ಷ ದಾಟಿದ ಹುಡುಗಿಯರು ಉದ್ಯಾನಗಳಿಂದ ಮರೆಯಾಗುತ್ತಾರೆಂದು 1990ರ ದಶಕದಲ್ಲಿ ಗಮನಿಸಿದ ಅಲ್ಲಿನ ಯೋಜಕಿಯರು, ಹುಡುಗರೇ ಆಕ್ರಮಿಸಿಕೊಂಡಿದ್ದ ದೊಡ್ಡ ಬಯಲನ್ನು ಸಣ್ಣ ಅಂಗಳಗಳಾಗಿ ವಿಂಗಡಿಸಿ, ನಡೆಯುವ ದಾರಿಗಳನ್ನೂ ವಾಲಿಬಾಲ್ ಅಂಕಣಗಳನ್ನೂ ಸೇರಿಸಿದ ಬಳಿಕ ಹುಡುಗಿಯರು ಮರಳಿದರು.

ಇದೆಲ್ಲ ಹೆಣ್ಣಿಗೆ ಹುಟ್ಟಿನಿಂದಲೇ ಬಂದ ಗುಣವೆಂದು ನಾನು ಭಾವಿಸುವುದಿಲ್ಲ. ನೀರು, ಮಕ್ಕಳು, ಕತ್ತಲ ದಾರಿಗಳ ಹೊಣೆ ಮತ್ತು ಭಯವನ್ನು ಸ್ವತಃ ಹೊತ್ತವರು ಕೇಳುವ ಪ್ರಶ್ನೆಗಳು ಬೇರೆಯಾಗಿರುತ್ತವೆ, ಅಷ್ಟೇ.